ಕಟ್ಟಡಕ್ಕೆ ಪ್ರಶಸ್ತಿ ಕೊಡುವ ಮುನ್ನ ಒಂದು ಮಳೆಗಾಲ ಕಾಯಿರಿ

ಮಾನ್ಯ ಸಂಪಾದಕರೇ,

ವಾಸ್ತುಶಿಲ್ಪ, ವಿನ್ಯಾಸ ಮತ್ತು ಕಲೆಯ ಪ್ರಶಸ್ತಿಗಳ ಸುದ್ದಿಯನ್ನು ನಿಮ್ಮ ಪತ್ರಿಕೆ ಆಗಾಗ ಪ್ರಕಟಿಸುತ್ತಿದೆ. ಕಟ್ಟಡ ಕಟ್ಟುವ ಕೆಲಸಕ್ಕೂ ಒಂದು ಮರ್ಯಾದೆ ಇದೆ ಎಂದು ಓದುಗರಿಗೆ ಇದರಿಂದ ತಿಳಿಯುತ್ತದೆ, ಹಾಗಾಗಿ ಸಂತೋಷವೇ. ಆದರೆ ಇಂಥ ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಅಂದವಾದ ಫೋಟೊ, ಒಬ್ಬ ವಾಸ್ತುಶಿಲ್ಪಿಯ ಹೆಸರು ಮತ್ತು ಪ್ರಶಸ್ತಿಯ ಮೊತ್ತ. ತೀರ್ಪುಗಾರರು ಆ ಕಟ್ಟಡದ ಹೊಸ್ತಿಲು ತುಳಿದಿದ್ದಾರೆಯೇ? ಜನ ಅದನ್ನು ಬಳಸಲು ಶುರುಮಾಡಿ ಎಷ್ಟು ದಿನವಾಯಿತು? ಮಳೆಗೆ ಸೋರಿತೇ? ಕಟ್ಟಿದ ಮೇಸ್ತ್ರಿ ಯಾರು? ಇವು ಸುದ್ದಿಯಲ್ಲಿ ಇರುವುದಿಲ್ಲ, ಬಹಳ ಸಲ ಪ್ರಶಸ್ತಿಯ ಕಡತದಲ್ಲೂ ಇರುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ಚಿತ್ರಕಲಾವಿದ ಕೊನೆಯ ಗೆರೆ ಎಳೆದಾಗ ಚಿತ್ರ ಮುಗಿಯಿತು, ಅದನ್ನು ಅಂದೇ ತೂಗಿ ನೋಡಬಹುದು. ಕಟ್ಟಡ ಹಾಗಲ್ಲ. ಗೃಹಪ್ರವೇಶದ ದಿನ ಅದರ ಬದುಕು ಆರಂಭವಾಗುತ್ತದೆ. ಗೋಡೆಯ ತೇವ, ತಾರಸಿಯ ಬಿರುಕು, ಕತ್ತಲೆಯ ಮೂಲೆ, ಯಾರೂ ಬಳಸದ ಅಂಗಳ, ನೀರು ನಿಲ್ಲುವ ಬಚ್ಚಲು ಎಲ್ಲ ಆಮೇಲೆ ಗೊತ್ತಾಗುವ ವಿಷಯ. ನಮ್ಮ ರಾಜ್ಯ ಸರ್ಕಾರ ಕೊಡುವ ಜಕಣಾಚಾರಿ ಪ್ರಶಸ್ತಿ, ವರ್ಣಶಿಲ್ಪಿ ವೆಂಕಟಪ್ಪ ಪ್ರಶಸ್ತಿ ಮುಂತಾದವು ವ್ಯಕ್ತಿಯ ಜೀವಮಾನದ ಸಾಧನೆಯನ್ನು ಗೌರವಿಸುತ್ತವೆ. ಅವುಗಳ ಬಗ್ಗೆ ಇಲ್ಲಿ ಮಾತಿಲ್ಲ. ಒಂದು ನಿರ್ದಿಷ್ಟ ಕಟ್ಟಡ, ಒಂದು ಕೆರೆ ದಂಡೆ, ಒಂದು ಬಸ್ ನಿಲ್ದಾಣ, ಒಂದು ಶಾಲೆಯನ್ನು ಆರಿಸಿ 'ಇದು ಶ್ರೇಷ್ಠ' ಎಂದು ಹೇಳುವ ಪ್ರಶಸ್ತಿಗಳ ಬಗ್ಗೆ ಮಾತ್ರ ಹೇಳುತ್ತಿದ್ದೇವೆ.

ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಒಂದು ಪ್ರಶಸ್ತಿಯ ರೀತಿಯನ್ನು ನೋಡೋಣ. ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ 1977ರಲ್ಲಿ ಸ್ಥಾಪನೆಯಾಯಿತು. ಮೊದಲ ಪ್ರದಾನ 1980ರಲ್ಲಿ ಲಾಹೋರಿನ ಶಾಲಿಮಾರ್ ಉದ್ಯಾನದಲ್ಲಿ ನಡೆಯಿತು. ಮೂರು ವರ್ಷಕ್ಕೊಮ್ಮೆ ಕೊಡುತ್ತಾರೆ, ಒಟ್ಟು ಮೊತ್ತ 10 ಲಕ್ಷ ಅಮೆರಿಕನ್ ಡಾಲರ್. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ಸಮಾಜಗಳಿಗೆ ಉಪಯೋಗವಾಗುವ ಯೋಜನೆಗಳಿಗೆ ಇದು ಮೀಸಲು. ಆದ್ದರಿಂದ ಭಾರತ, ಬಾಂಗ್ಲಾದೇಶದ ಕೆಲಸಗಳಿಗೂ ಬಂದಿದೆ. ಭೋಪಾಲಿನ ವಿಧಾನ ಭವನಕ್ಕೂ ಬಂದಿದೆ, ಇಂದೋರಿನ ಬಡವರ ಬಡಾವಣೆಗೂ ಬಂದಿದೆ.

2022ರ ಸುತ್ತನ್ನೇ ತೆಗೆದುಕೊಳ್ಳಿ. 463 ಯೋಜನೆಗಳು ನಾಮನಿರ್ದೇಶನಗೊಂಡವು. ಸ್ವತಂತ್ರ ತೀರ್ಪುಗಾರರ ಮಂಡಳಿ ಮೊದಲ ಸಲ ಕುಳಿತು ಅವುಗಳಲ್ಲಿ 20ನ್ನು ಆರಿಸಿತು. ಕೊನೆಗೆ ಪ್ರಶಸ್ತಿ ಸಿಕ್ಕಿದ್ದು 6ಕ್ಕೆ. 20 ಮತ್ತು 6ರ ನಡುವೆ ನಡೆಯುವುದೇ ಈ ಪ್ರಶಸ್ತಿಯ ಜೀವಾಳ. ಆಯ್ಕೆಪಟ್ಟಿಯಲ್ಲಿರುವ ಒಂದೊಂದು ಸ್ಥಳಕ್ಕೂ ಒಬ್ಬ ತಜ್ಞ ಪರಿಶೀಲಕ ಹೋಗುತ್ತಾನೆ ಅಥವಾ ಹೋಗುತ್ತಾಳೆ. ಆ ಪರಿಶೀಲಕ ಆ ದೇಶದವನಾಗಿರಬಾರದು ಎಂಬುದು ನಿಯಮ. ನಕ್ಷೆಯಲ್ಲಿ ತೋರಿಸಿದ್ದು ನೆಲದ ಮೇಲಿದೆಯೇ, ವೆಚ್ಚದ ಲೆಕ್ಕ ಸರಿಯೇ, ಬಳಸುವವರು ಏನನ್ನುತ್ತಾರೆ, ನಿರ್ವಹಣೆ ಯಾರದು ಎಂದು ವಿಚಾರಿಸಿ ವರದಿ ಬರೆಯಬೇಕು. ಅಷ್ಟೇ ಅಲ್ಲ, ಮಂಡಳಿ ಎರಡನೆಯ ಸಲ ಸೇರಿದಾಗ ಅದರ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕು. ತೀರ್ಪು ಬರುವುದು ಅದಾದ ಮೇಲೆ.

ಹೋಗಿ ನೋಡಿದರೆ ಏನು ಸಿಗುತ್ತದೆ ಎಂಬುದಕ್ಕೆ 2007ರಲ್ಲಿ ಈ ಪ್ರಶಸ್ತಿ ಪಡೆದ ಬಾಂಗ್ಲಾದೇಶದ ರುದ್ರಪುರದ ಶಾಲೆ ಒಳ್ಳೆಯ ಉದಾಹರಣೆ. ದಿನಾಜಪುರ ಜಿಲ್ಲೆಯ ಈ ಹಳ್ಳಿಯಲ್ಲಿ ದೀಪಶಿಖಾ ಎಂಬ ಸಂಸ್ಥೆಗಾಗಿ ಆನ್ನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ವಿನ್ಯಾಸ ಮಾಡಿದರು, ಊರಿನವರೇ ಕಟ್ಟಿದರು. ಕೆಳಗಿನ ಅಂತಸ್ತು ಮಣ್ಣಿನದು, ಮೇಲಿನದು ಬಿದಿರಿನದು. ಫೋಟೊದಲ್ಲಿ ಕಾಣುವುದು ಬಣ್ಣಬಣ್ಣದ ಬಟ್ಟೆ ತೂಗಿಬಿಟ್ಟ ಬಾಗಿಲುಗಳು, ನಗುವ ಮಕ್ಕಳು. ಆದರೆ ಈ ಕಟ್ಟಡದ ನಿಜವಾದ ಬುದ್ಧಿವಂತಿಕೆ ಇರುವುದು ಫೋಟೊಗೆ ಸಿಗದ ಕಡೆ, ನೆಲದ ಮಟ್ಟದಲ್ಲಿ. ಆ ಭಾಗದ ಮಣ್ಣಿನ ಮನೆಗಳಿಗೆ ಪಾಯವೂ ಇರುತ್ತಿರಲಿಲ್ಲ, ತೇವ ತಡೆಯುವ ಪದರವೂ ಇರುತ್ತಿರಲಿಲ್ಲ. ಕೆಳಗಿನಿಂದ ತೇವ ಏರಿ ಗೋಡೆಯ ಬುಡ ಕರಗುತ್ತಿತ್ತು. ಇಲ್ಲಿ 50 ಸೆಂಟಿಮೀಟರ್ ಆಳದ ಇಟ್ಟಿಗೆ ಪಾಯ ಹಾಕಿ, ಅದರ ಮೇಲೆ ಅಂಗಡಿಯಲ್ಲಿ ಸಿಗುವ ಪಾಲಿಥೀನ್ ಹಾಳೆಯನ್ನು ಎರಡು ಪದರ ಹಾಸಿ, ಆಮೇಲೆ ಮಣ್ಣಿನ ಗೋಡೆ ಎಬ್ಬಿಸಿದರು. ಮಣ್ಣಿಗೆ ಹುಲ್ಲು ಬೆರೆಸಿ ದನ, ಎಮ್ಮೆಗಳಿಂದ ತುಳಿಸಿ ಹದ ಮಾಡಿದರು. ಒಂದು ಸಲಕ್ಕೆ ಸುಮಾರು 65 ಸೆಂಟಿಮೀಟರ್ ಎತ್ತರದ ವರಸೆ, ಅಂದರೆ ಗೋಡೆಯ ಒಂದು ಸಾಲು. ಕೆಲವು ದಿನ ಬಿಟ್ಟು ಹರಿತ ಸಲಿಕೆಯಿಂದ ಬದಿಯನ್ನು ನೇರಕ್ಕೆ ಕೆತ್ತುವುದು, ಇನ್ನೊಂದು ವಾರ ಒಣಗಿದ ಮೇಲೆ ಮುಂದಿನ ವರಸೆ. ಅವಸರ ಮಾಡಿ ಹಸಿ ವರಸೆಯ ಮೇಲೆ ಇನ್ನೊಂದನ್ನು ಹೇರಿದರೆ ಕೆಳಗಿನದು ಉಬ್ಬುತ್ತದೆ, ಗೋಡೆ ಲಂಬ ತಪ್ಪುತ್ತದೆ. ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಮಣ್ಣಿನ ಗೋಡೆ ಹಾಕುತ್ತಿದ್ದ ಹಿರಿಯರಿಗೆ ಇದು ಹೊಸ ಮಾತಲ್ಲ. ಗೋಡೆಯ ಬುಡ ಎರಡು ಮಳೆಗಾಲ ಕಳೆದ ಮೇಲೂ ಗಟ್ಟಿ ಇದೆಯೇ ಎಂಬುದನ್ನು ಬೆರಳಿನಿಂದ ಒತ್ತಿ ನೋಡಬೇಕಾಗುತ್ತದೆ. ಇಮೇಲಿನಲ್ಲಿ ಅದು ಬರುವುದಿಲ್ಲ.

ಇದೇ ಪ್ರಶಸ್ತಿ 1989ರಲ್ಲಿ ಒಂದೇ ಸಲ ಎರಡು ತೀರ ಬೇರೆ ಕೆಲಸಗಳಿಗೆ ಹೋಯಿತು. ಎರಡೂ ಬಾಂಗ್ಲಾದೇಶದವು. ಒಂದು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ವಿನ್ಯಾಸ ಮಾಡಿದ ಢಾಕಾದ ಸಂಸತ್ ಭವನ. ಇನ್ನೊಂದು ಬಡವರಿಗೆ ಸಣ್ಣ ಸಾಲ ಕೊಡುವ ಅಲ್ಲಿನ 'ಗ್ರಾಮೀಣ ಬ್ಯಾಂಕ್' ಎಂಬ ಸಂಸ್ಥೆಯ ವಸತಿ ಯೋಜನೆ. ಎರಡನೆಯದರಲ್ಲಿ ವಾಸ್ತುಶಿಲ್ಪಿಯ ಕೈಚಳಕ ಎಂದು ತೋರಿಸಲು ಏನೂ ಇಲ್ಲ. ಸಾಲ ಪಡೆದ ಬಡ ಕುಟುಂಬಕ್ಕೆ ನಾಲ್ಕು ಕಾಂಕ್ರೀಟ್ ಕಂಬ, ಎರಡು ಕಟ್ಟು ತಗಡಿನ ಶೀಟು, ಶೌಚಾಲಯಕ್ಕೊಂದು ಎರಕದ ಚಪ್ಪಡಿ. ಗೋಡೆಯನ್ನು ಅವರವರು ಬಿದಿರು, ಸೆಣಬಿನ ಕಡ್ಡಿ, ಮಣ್ಣಿನಿಂದ ಮಾಡಿಕೊಳ್ಳಬೇಕು. ನೆರೆ ಬಂದು ಗೋಡೆ ಹೋದರೂ ಕಂಬ ಮತ್ತು ಮಾಡು ನಿಲ್ಲುತ್ತದೆ, ಕುಟುಂಬ ಮತ್ತೆ ಗೋಡೆ ಕಟ್ಟಿಕೊಳ್ಳುತ್ತದೆ. ಸಂಸತ್ ಭವನದ ಪಕ್ಕದಲ್ಲಿ ಈ ನಾಲ್ಕು ಕಂಬಗಳನ್ನು ಕೂರಿಸಿದ ತೀರ್ಪುಗಾರರ ಧೈರ್ಯ ಇಂದಿಗೂ ಮೆಚ್ಚುವಂಥದ್ದು. ಬರೀ ಫೋಟೊ ನೋಡಿ ಆರಿಸಿದ್ದರೆ ಗ್ರಾಮೀಣ ಮನೆ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತು.

ಇಂದೋರಿನ ಅರಣ್ಯ ಬಡಾವಣೆ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಕಲ್ಲಿನ ಓಣಿಗಳಲ್ಲಿ ನಡೆದವರಿಗೆ ಅದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರ ಪರಿಚಯ ಬೇಕಿಲ್ಲ. 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವ ಎನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. ಅವರ ಅರಣ್ಯ ಯೋಜನೆಗೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಸುಮಾರು 60,000 ಜನರಿಗೆಂದು ಸುಮಾರು 6,500 ನಿವೇಶನಗಳು. ಅತಿ ಬಡವರಿಗೆ ಸಿಕ್ಕಿದ್ದು ಸುಮಾರು 35 ಚದರ ಮೀಟರಿನ ನಿವೇಶನ, ಅದರಲ್ಲಿ ಪ್ಲಿಂತ್ (ಗೋಡೆ ನಿಲ್ಲುವ ಎತ್ತರಿಸಿದ ನೆಲಗಟ್ಟು), ನೀರಿನ ನಲ್ಲಿ, ಶೌಚಾಲಯ. ಉಳಿದದ್ದನ್ನು ಕೈಯಲ್ಲಿ ಕಾಸು ಬಂದ ಹಾಗೆ ಕಟ್ಟಿಕೊಳ್ಳುವುದು. ಹೇಗೆಲ್ಲ ಕಟ್ಟಬಹುದು ಎಂದು ತೋರಿಸಲು 80 ಮಾದರಿ ಮನೆಗಳನ್ನು ಮಾತ್ರ ಕಟ್ಟಿಸಿದರು. ಇಂಥ ಯೋಜನೆಯನ್ನು ಉದ್ಘಾಟನೆಯ ದಿನ ಹೋಗಿ ನೋಡಿದರೆ ಪ್ಲಿಂತುಗಳ ಸಾಲು ಬಿಟ್ಟು ಇನ್ನೇನೂ ಕಾಣದು. ಜನ ಮೆಟ್ಟಿಲು ಹಾಕಿ, ಜಗಲಿ ಮಾಡಿ, ಅಂಗಡಿ ಇಟ್ಟ ಮೇಲೆ ಅದರ ಗುಣ ಕಾಣಿಸುತ್ತದೆ.

ಹೋಗಿ ನೋಡಿದರೂ ಎಡವಬಹುದು ಎಂಬುದನ್ನೂ ಇಲ್ಲೇ ಹೇಳಬೇಕು. ಅದೇ ಇಂದೋರಿನ ಕೊಳೆಗೇರಿಗಳಿಗೆ ಒಳಚರಂಡಿ, ರಸ್ತೆ, ಮಳೆನೀರಿನ ಕಾಲುವೆಗಳನ್ನು ಜೋಡಿಸುವ ಯೋಜನೆಗೆ 1998ರಲ್ಲಿ ಈ ಪ್ರಶಸ್ತಿ ಬಂತು. ಮುಂದೆ ಕೆಲವೇ ವರ್ಷಗಳಲ್ಲಿ, ಹೇಳಿದ್ದಕ್ಕೂ ನೆಲದ ಮೇಲೆ ಇರುವುದಕ್ಕೂ ತಾಳೆಯಿಲ್ಲ ಎಂಬ ಕಟು ಟೀಕೆ ನಗರ ಯೋಜನೆಯ ವಲಯದಿಂದಲೇ ಬಂತು. ಒಳಚರಂಡಿ ಕೆಲಸದಲ್ಲಿ ಇರುವವರಿಗೆ ಇಂಥ ಅಪಾಯ ಗೊತ್ತಿರುವುದೇ. ಕೊಳವೆಯಲ್ಲಿ ಕೊಳೆ ತಂಗದೆ ಹರಿಯಬೇಕಾದರೆ ದಿನಕ್ಕೊಮ್ಮೆಯಾದರೂ ನೀರಿನ ವೇಗ ಸೆಕೆಂಡಿಗೆ 0.6 ಮೀಟರ್ ಮುಟ್ಟಬೇಕು. ಮನೆಗೆ ಬರುವ ನೀರೇ ಕಡಿಮೆಯಾದರೆ, ಶೌಚಾಲಯಗಳ ಜೋಡಣೆ ಅರ್ಧಕ್ಕೆ ನಿಂತರೆ, ಆ ವೇಗ ಬರುವುದಿಲ್ಲ. ಮರಳು, ಪ್ಲಾಸ್ಟಿಕ್ ಕೂತು ಕಟ್ಟಿಕೊಳ್ಳುತ್ತದೆ. ಇಂಥ ಕೆಲಸಕ್ಕೆ ಒಂದು ವರ್ಷದ ಕಾಯುವಿಕೆಯೂ ಸಾಲದು, ಐದು ವರ್ಷ ಬೇಕು. ಬಡಾವಣೆ, ಕೆರೆ, ಒಳಚರಂಡಿಯ ಯೋಜನೆಗಳನ್ನು ಒಂಟಿ ಕಟ್ಟಡದ ಅಳತೆಗೋಲಿನಿಂದ ಅಳೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾಯುವ ಪದ್ಧತಿ ಹೊಸದೇನಲ್ಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 25ರಿಂದ 35 ವರ್ಷ ಬಾಳಿದ ಕಟ್ಟಡಕ್ಕೆಂದೇ ಒಂದು ಪ್ರಶಸ್ತಿ ಇಟ್ಟಿದೆ. ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ 2000ದಿಂದ ನಡೆಯುತ್ತಿದೆ. ಹಳೆಯ ಕಟ್ಟಡದ ದುರಸ್ತಿ ಮುಗಿದು ಕನಿಷ್ಠ ಒಂದು ವರ್ಷ ಅದು ಬಳಕೆಯಲ್ಲಿರಬೇಕು ಎಂಬ ಷರತ್ತು ಅದಕ್ಕಿದೆ. ಗೋಲ್ಕೊಂಡದ ಕುತುಬ್ ಶಾಹಿ ಸಮಾಧಿಗಳ ಆವರಣದ ಮೆಟ್ಟಿಲುಬಾವಿಗಳಿಗೆ 2022ರಲ್ಲಿ ಈ ಪ್ರಶಸ್ತಿ ಬಂತು. ಬಾವಿಯ ದುರಸ್ತಿಗೆ ಕಾಯುವುದು ಇನ್ನೂ ಮುಖ್ಯ, ಏಕೆಂದರೆ ಮಳೆ ಬಂದು ನೀರು ತುಂಬಿದರೆ ತಾನೆ ಅದು ಬಾವಿ.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ಕಟ್ಟಡವನ್ನು ಪರಿಶೀಲಿಸಲು ಹೋಗುವವರು ಎರಡು ಸಲ ಹೋಗಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಒಮ್ಮೆ, ಜುಲೈ ತಿಂಗಳ ಮಳೆಯಲ್ಲಿ ಒಮ್ಮೆ. ಕಲಬುರಗಿಯ ಕಟ್ಟಡ ಏಪ್ರಿಲ್‌ನಲ್ಲಿ ಸೋತರೆ ಉಡುಪಿಯದು ಜುಲೈಯಲ್ಲಿ ಸೋಲುತ್ತದೆ. ಡಿಸೆಂಬರಿನ ತಂಪು ಬೆಳಗಿನಲ್ಲಿ ಎಲ್ಲ ಕಟ್ಟಡಗಳೂ ಚೆನ್ನಾಗಿಯೇ ಇರುತ್ತವೆ. ಪ್ರಚಾರದ ಫೋಟೊಗಳಿಗೆ ಆ ಹೊತ್ತನ್ನೇ ಆರಿಸುವುದು ಸುಮ್ಮನೆ ಅಲ್ಲ.

ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ, ಅಂದರೆ ಮಡ್ ಬ್ಲಾಕ್, ನಮ್ಮ ರಾಜ್ಯದ ಹೆಮ್ಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಇದನ್ನು ಮನೆಮನೆಗೆ ತಲುಪುವ ತಂತ್ರವಾಗಿಸಿತು. ಸಾಮಾನ್ಯ ಅಳತೆ 230×190×100 ಮಿಲಿಮೀಟರ್. ಸಿಮೆಂಟ್ ಶೇ 6ರಿಂದ 8. ಮಣ್ಣಿನಲ್ಲಿ ಜೇಡಿ ಅಂಶ ಶೇ 15ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಹೆಚ್ಚಿದ್ದರೆ ಮರಳನ್ನೋ ಕ್ವಾರಿ ಪುಡಿಯನ್ನೋ ಸೇರಿಸಿ ಇಳಿಸಬೇಕು, ಇಲ್ಲವಾದರೆ ಒಣಗುವಾಗ ಕುಗ್ಗಿ ಸೀಳುತ್ತದೆ. ಒತ್ತಿದ ಮೇಲೆ ನೆರಳಿನಲ್ಲಿ ಪೇರಿಸಿ, ಹುಲ್ಲು ಅಥವಾ ಗೋಣಿ ಮುಚ್ಚಿ, ಮೂರು ವಾರ ನೀರು ಚಿಮುಕಿಸಬೇಕು. ಎಡವಟ್ಟಾಗುವುದು ಇಲ್ಲಿಯೇ. ಗುತ್ತಿಗೆದಾರ ಒಂದೇ ವಾರಕ್ಕೆ ಗೋಡೆಗೆ ಎತ್ತಿಬಿಡುತ್ತಾನೆ. ಉದ್ಘಾಟನೆಯ ದಿನ ಮೂರು ವಾರ ನೀರುಂಡ ಇಟ್ಟಿಗೆಯ ಗೋಡೆಗೂ ಈ ಗೋಡೆಗೂ ಏನೂ ವ್ಯತ್ಯಾಸ ಕಾಣದು. ಎರಡನೆಯ ಮಳೆಗಾಲದಲ್ಲಿ ಕೆಳಗಿನ ಮೂರು ವರಸೆಗಳ ಅಂಚು ಉದುರತೊಡಗುತ್ತದೆ. ಪ್ಲಿಂತ್ ಒಂದೂವರೆ ಅಡಿಗಿಂತ ತಗ್ಗಿದ್ದರೆ, ಮಾಡಿನ ಚಾಚು ಸಾಲದಿದ್ದರೆ, ನೆಲಕ್ಕೆ ಬಿದ್ದ ಹನಿ ಗೋಡೆಗೆ ಎರಚಿ ಇದು ಇನ್ನೂ ಬೇಗ ಆಗುತ್ತದೆ. ಪರೀಕ್ಷೆಯ ವರದಿ ಕೇಳುವಾಗ ಒಣ ಬ್ಲಾಕಿನ ಬಲವನ್ನಲ್ಲ, ನೀರಿನಲ್ಲಿ ನೆನೆಸಿದ ಬ್ಲಾಕಿನ ಬಲವನ್ನು ಕೇಳಬೇಕು. ಒಣಗಿದ್ದಾಗ ಎಲ್ಲ ಮಣ್ಣೂ ಗಟ್ಟಿಯೇ.

ಬಿದಿರಿನ ಕಟ್ಟಡವಾದರೆ ಕುಟ್ಟೆ (ಬಿದಿರು ಕೊರೆಯುವ ಹುಳು) ಹಿಡಿದಿದೆಯೇ ನೋಡಬೇಕು. ಕಂಬದ ಬುಡದಲ್ಲಿ ಹಳದಿ ಪುಡಿ ಉದುರಿದ್ದರೆ ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸುವ ಕೆಲಸ ಸರಿಯಾಗಿ ಆಗಿಲ್ಲ ಎಂದರ್ಥ. ಕರಾವಳಿಯ ಕಟ್ಟಡದಲ್ಲಿ ಕಿಟಕಿಯ ಲೆಕ್ಕ ಹಾಕಬೇಕು. ಬಿಸಿ ಮತ್ತು ತೇವ ಎರಡೂ ಇರುವ ಹವೆಗೆ ಕೋಣೆಯ ನೆಲದ ಆರನೆಯ ಒಂದು ಭಾಗದಷ್ಟು ತೆರಪು ಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಒಣ ಬಿಸಿಯ ಕಡೆ ಹತ್ತನೆಯ ಒಂದು ಭಾಗ ಸಾಕು. ಮಂಗಳೂರಿನಲ್ಲಿ ದೊಡ್ಡ ಕಿಟಕಿಯೇನೋ ಇಟ್ಟಿರುತ್ತಾರೆ, ಆದರೆ ಮೇಲೆ ಸಜ್ಜಾ ಇರುವುದಿಲ್ಲ, ಏಕೆಂದರೆ ಸಜ್ಜಾ ಇಲ್ಲದ ಗೋಡೆ ಫೋಟೊದಲ್ಲಿ ನುಣುಪಾಗಿ ಕಾಣುತ್ತದೆ. ಗಾಳಿಮಳೆಗೆ ಎರಚಲು ಒಳಗೆ ಬರುತ್ತದೆ ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಿಟಕಿ ಮುಚ್ಚಿಯೇ ಇರುತ್ತದೆ. ಮಳೆಗಾಲದಲ್ಲಿ ಮುಚ್ಚಿಡಬೇಕಾದ ಕಿಟಕಿಯನ್ನು ಲೆಕ್ಕದಿಂದ ಬಿಟ್ಟೇ ಅಂಕ ಕೊಡಬೇಕು.

ಪರಿಶೀಲಕರ ಚೀಲದಲ್ಲಿ ಹೆಚ್ಚಿನದೇನೂ ಬೇಕಿಲ್ಲ. ಐದು ಮೀಟರಿನ ಟೇಪು, ಟಾರ್ಚು, ಬೆಳಕು ಅಳೆಯುವ ಲಕ್ಸ್ ಮೀಟರ್, ಥರ್ಮಾಮೀಟರ್ ಇದ್ದರೆ ಸಾಕು. ತರಗತಿಯ ಕೊನೆಯ ಬೆಂಚಿನ ಮೇಲೆ, ದೀಪ ಆರಿಸಿ, ಮೋಡದ ದಿನ 300 ಲಕ್ಸ್ ಸಿಕ್ಕರೆ ಆ ಶಾಲೆಯ ಬೆಳಕು ಚೆನ್ನಾಗಿದೆ. ಬಚ್ಚಲಿನಲ್ಲಿ ಅರ್ಧ ಬಕೆಟ್ ನೀರು ಸುರಿದು ಎರಡು ನಿಮಿಷ ನೋಡಿದರೆ ಇಳಿಜಾರು ಸರಿಯಿದೆಯೇ ಗೊತ್ತಾಗುತ್ತದೆ. ಇಳಿಜಾರು ದಾರಿ, ಅಂದರೆ ರ‍್ಯಾಂಪ್, 12ಕ್ಕೆ 1 ಇರಬೇಕು. 45 ಸೆಂಟಿಮೀಟರ್ ಎತ್ತರ ಏರಲು 5.4 ಮೀಟರ್ ಉದ್ದ ಬೇಕಾಗುತ್ತದೆ. ಎರಡೂವರೆ ಮೀಟರಿನಲ್ಲಿ ಮುಗಿಸಿ, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದರೆ ಅಲ್ಲಿ ಯಾರೂ ತಾವೇ ಕುರ್ಚಿ ತಳ್ಳಿಕೊಂಡು ಹತ್ತಲಾರರು.

ಮಳೆನೀರು ಸಂಗ್ರಹದ ಹೆಸರಿನಲ್ಲಿ ಅಂಕ ಗಿಟ್ಟಿಸುವ ಕಟ್ಟಡಗಳನ್ನು ಇನ್ನೂ ಹತ್ತಿರದಿಂದ ನೋಡಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 100 ಚದರ ಮೀಟರಿನ ತಾರಸಿಯಿಂದ ಶೇ 80 ಹಿಡಿದರೂ 77,000 ಲೀಟರಿಗೂ ಹೆಚ್ಚು ಸಿಗಬೇಕು. ನಕ್ಷೆಯಲ್ಲಿ ಈ ಲೆಕ್ಕ ತಪ್ಪದೆ ಇರುತ್ತದೆ. ನೆಲದ ಮೇಲೆ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ವಾಲ್ವ್ ತುಕ್ಕು ಹಿಡಿದಿರುತ್ತದೆ, ಮರಳಿನ ಶೋಧಕವನ್ನು ಎರಡು ವರ್ಷದಿಂದ ತೊಳೆದಿರುವುದಿಲ್ಲ, ನೀರೆಲ್ಲ ಮೇಲಿನ ಕೊಳವೆಯಿಂದ ಮೋರಿಗೆ ಹೋಗುತ್ತಿರುತ್ತದೆ. ಶೋಧಕದ ಮುಚ್ಚಳ ತೆಗೆಸಿ ನೋಡುವುದಕ್ಕೆ ಐದು ನಿಮಿಷ ಸಾಕು. ವಿದ್ಯುತ್ ಉಳಿತಾಯದ ಹೇಳಿಕೆಗೂ ಹೀಗೆಯೇ 12 ತಿಂಗಳ ಬಿಲ್ಲು ಕೇಳಬೇಕು. ಒಟ್ಟು ಯೂನಿಟ್ಟನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ, ಅದನ್ನು ಪಕ್ಕದ ಸಾಧಾರಣ ಕಟ್ಟಡದ ಅಂಕಿಯೊಂದಿಗೆ ಹೋಲಿಸಬಹುದು. ಕಂಪ್ಯೂಟರಿನಲ್ಲಿ ಮಾಡಿದ ಅಂದಾಜು ಕಟ್ಟುವ ಮೊದಲಿನದು. ಬಿಲ್ಲು, ಕಟ್ಟಡ ಬಳಕೆಗೆ ಬಂದ ನಂತರದ್ದು.

ವೆಚ್ಚದ ವಿಚಾರದಲ್ಲೂ ಪೂರ್ತಿ ಲೆಕ್ಕ ಬರುವುದು ಅಪರೂಪ. 'ಚದರ ಅಡಿಗೆ ಇಷ್ಟೇ' ಎಂದು ಬರೆಯುವಾಗ ನೆಲ ಸಮ ಮಾಡಿದ ಖರ್ಚು, ಸಂಪು, ಕಾಂಪೌಂಡ್ ಗೋಡೆ, ವಿನ್ಯಾಸದ ಶುಲ್ಕ, ಉಚಿತವಾಗಿ ಬಂದ ಶ್ರಮದ ಬೆಲೆ ಎಲ್ಲ ಹೊರಗೆ ಉಳಿಯುತ್ತವೆ. 'ಸ್ಥಳೀಯ ಕಲ್ಲು' ಎಂದು ಬರೆದಿದ್ದರೆ ಯಾವ ಕ್ವಾರಿ, ಎಷ್ಟು ಕಿಲೋಮೀಟರ್ ಎಂದು ಕೇಳಬೇಕು.

ಹೆಸರಿನ ವಿಷಯ ನಮಗೆ ಎಲ್ಲಕ್ಕಿಂತ ಹೆಚ್ಚು ನೋವಿನದು. 1991ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ರಾಬರ್ಟ್ ವೆಂಚುರಿ ಒಬ್ಬರಿಗೇ ಕೊಟ್ಟರು. ಅವರೊಂದಿಗೆ ಹೆಗಲೆಣೆಯಾಗಿ ದುಡಿದ ಪತ್ನಿ ಡೆನಿಸ್ ಸ್ಕಾಟ್ ಬ್ರೌನ್ ಅವರ ಹೆಸರು ಅದರಲ್ಲಿರಲಿಲ್ಲ. 2013ರಲ್ಲಿ ಸಾವಿರಾರು ಜನ ಸಹಿ ಹಾಕಿ ತಿದ್ದುಪಡಿ ಕೇಳಿದರು, ಒಪ್ಪಲಿಲ್ಲ. ಆಗಾ ಖಾನ್ ಪ್ರಶಸ್ತಿಯ ಹಣ ಮಾತ್ರ ವಾಸ್ತುಶಿಲ್ಪಿಯ ಜೊತೆಗೆ ಕಟ್ಟಿಸಿದವರು, ಎಂಜಿನಿಯರು, ಕುಶಲಕರ್ಮಿ, ಪುರಸಭೆ ಹೀಗೆ ಯಾರ ಪಾತ್ರ ದೊಡ್ಡದೋ ಅವರಿಗೂ ಹಂಚಿಕೆಯಾಗುತ್ತದೆ. ಈ ಮಾತನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಸೋಮನಾಥಪುರದ ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಜಕಣಾಚಾರಿಯ ಹೆಸರು ನಮಗೆ ಐತಿಹ್ಯದಿಂದ ಬಂದದ್ದು. ದಾಸೋಜನ ಹೆಸರು ಕಲ್ಲಿನ ಮೇಲೇ ಇದೆ. ಹೊಯ್ಸಳರ ಕಾಲದಲ್ಲಿ ಉಳಿ ಹಿಡಿದವನ ಹೆಸರಿಗೆ ಜಾಗವಿದ್ದ ನಾಡಿನಲ್ಲಿ ಇಂದಿನ ಪ್ರಶಸ್ತಿ ಫಲಕದ ಮೇಲೆ ಗಾರೆ ಮೇಸ್ತ್ರಿಯ, ಬಡಗಿಯ, ಕಬ್ಬಿಣದ ಸರಳು ಬಾಗಿಸುವ ಬಾರ್ ಬೆಂಡರನ ಹೆಸರಿಗೆ ಒಂದು ಸಾಲು ಸಿಗಬಾರದೇ?

ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಒಳ್ಳೆಯ ಕೆಲಸ ಮಾಡಿಯೂ ಪ್ರಶಸ್ತಿಯ ಹತ್ತಿರ ಸುಳಿಯದ ಎಂಜಿನಿಯರುಗಳು, ಪಂಚಾಯಿತಿಗಳು, ಕುಶಲಕರ್ಮಿಗಳು ಇದ್ದಾರೆ. ಅವರಿಗೆ ಎರಡು ಮಾತು. ಕಡತವನ್ನು ಪಾಯ ತೋಡುವ ದಿನವೇ ಶುರುಮಾಡಿ. ಪಾಯ, ತೇವ ತಡೆಯುವ ಪದರ, ಲಿಂಟಲ್, ಮಾಡು ಪ್ರತಿ ಹಂತದಲ್ಲೂ ನಾಲ್ಕು ಗೊತ್ತಾದ ಜಾಗಗಳಲ್ಲಿ ನಿಂತು ಫೋಟೊ ತೆಗೆಯಿರಿ. ಮುಚ್ಚಿಹೋಗುವ ಕೆಲಸಕ್ಕೆ ಆಮೇಲೆ ಸಾಕ್ಷಿ ಸಿಗುವುದಿಲ್ಲ. ನಿವೇಶನದ ನಕ್ಷೆ 1:500, ಕಟ್ಟಡದ ನಕ್ಷೆ 1:100, ಸೀಳುನೋಟ 1:50, ಮಾಡು-ಗೋಡೆ ಕೂಡುವ ಜಾಗದ ವಿವರ 1:20 ಇದ್ದರೆ ಸಾಮಾನ್ಯವಾಗಿ ಸಾಕು. ಉತ್ತರ ದಿಕ್ಕಿನ ಗುರುತು ಮತ್ತು ಅಳತೆಪಟ್ಟಿ ಇಲ್ಲದ ನಕ್ಷೆಯನ್ನು ಯಾವ ತೀರ್ಪುಗಾರರೂ ನಂಬುವುದಿಲ್ಲ. ವಿವರಣೆ ಬರೆಯುವಾಗ ಮೊದಲು ಯಾವ ತೊಂದರೆ ಇತ್ತು, ಅದಕ್ಕೆ ಏನು ಮಾಡಿದಿರಿ, ಏನು ಸರಿಹೋಗಲಿಲ್ಲ ಎಂದು 300 ಪದಗಳಲ್ಲಿ ಹೇಳಿ. ಸರಿಹೋಗದ್ದನ್ನು ಮುಚ್ಚಿಡಬೇಡಿ. ಪರಿಶೀಲನೆಗೆ ಬಂದವರಿಗೆ ಅದು ಹೇಗೂ ಕಾಣುತ್ತದೆ.

ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. 'ಪೂರ್ಣಗೊಂಡ ದಿನಾಂಕ' ಎಂದರೆ ಕೆಲಸ ನಿಂತ ದಿನವೇ, ಸ್ವಾಧೀನ ಪ್ರಮಾಣಪತ್ರದ ದಿನವೇ, ಬಳಕೆ ಆರಂಭವಾದ ದಿನವೇ ಎಂಬುದನ್ನು ನಿಯಮದಲ್ಲಿ ಓದಿಕೊಳ್ಳಿ. ಫೋಟೊ ತೆಗೆದವರ ಲಿಖಿತ ಒಪ್ಪಿಗೆ ಇರಲಿ. ಹೊರದೇಶದ ಪ್ರಶಸ್ತಿಯಾದರೆ ಕೊನೆಯ ಗಡುವು ಯಾವ ದೇಶದ ಗಡಿಯಾರದ ಪ್ರಕಾರ ಎಂದು ನೋಡಿ. ಪಂಚಾಯಿತಿ ಕಟ್ಟಡವಾದರೆ ಬಳಸುವವರ ಮಾತನ್ನು ಕನ್ನಡದಲ್ಲೇ ಬರೆಸಿ, ಅವರ ಸಹಿಯೊಂದಿಗೆ ಲಗತ್ತಿಸಿ. ರಾಜ್ಯದೊಳಗಿನ ಪ್ರಶಸ್ತಿಗಳಂತೂ ಕನ್ನಡದ ಅರ್ಜಿಯನ್ನು ಇಂಗ್ಲಿಷಿನದಕ್ಕೆ ಸಮನಾಗಿ ಸ್ವೀಕರಿಸಲೇಬೇಕು. ಅಂಗನವಾಡಿ ಕಟ್ಟಿದ ಮೇಸ್ತ್ರಿಗೆ ಇಂಗ್ಲಿಷ್ ಬಾರದಿರುವುದು ಆ ಗೋಡೆಯ ದೋಷವಲ್ಲ.

ಹಣ ಕೇಳುವ ಪ್ರಶಸ್ತಿಗಳ ಬಗ್ಗೆ ಎಚ್ಚರವಿರಲಿ. ಪ್ರವೇಶ ಶುಲ್ಕ ಇರುವುದೇ ತಪ್ಪೆನ್ನಲಾಗದು, ಅರ್ಜಿ ನೋಡುವುದಕ್ಕೂ ಖರ್ಚಿದೆ. ಆದರೆ 'ನೀವು ಆಯ್ಕೆಯಾಗಿದ್ದೀರಿ' ಎಂದ ಮೇಲೆ ಟ್ರೋಫಿಗೆ ಇಷ್ಟು, ಊಟದ ಮೇಜಿಗೆ ಇಷ್ಟು, ಪುಸ್ತಕದ ಪುಟಕ್ಕೆ ಇಷ್ಟು ಎಂದು ಪಟ್ಟಿ ಬಂದರೆ ಅಲ್ಲಿಗೇ ನಿಲ್ಲಿಸಿ. ತೀರ್ಪುಗಾರರ ಹೆಸರು ಮೊದಲೇ ಪ್ರಕಟವಾಗಿದೆಯೇ, ಎಷ್ಟು ಅರ್ಜಿ ಬಂದವು ಎಂದು ಹೇಳುತ್ತಾರೆಯೇ, ಸ್ಥಳಕ್ಕೆ ಯಾರಾದರೂ ಬರುತ್ತಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಪ್ರಶಸ್ತಿಯನ್ನು ಕಚೇರಿಯ ಗೋಡೆಗೆ ತೂಗುಹಾಕಿ ಪ್ರಯೋಜನವಿಲ್ಲ.

ಇದೆಲ್ಲ ದೊಡ್ಡ ದುಡ್ಡಿನ ಕೆಲಸ ಎಂಬ ಮಾತು ಬರಬಹುದು. ಲೆಕ್ಕ ಹಾಕಿ ನೋಡೋಣ. ರಾಜ್ಯಮಟ್ಟದಲ್ಲಿ 60 ಅರ್ಜಿ ಬಂದವು, 12ನ್ನು ಆಯ್ಕೆಪಟ್ಟಿಗೆ ತೆಗೆದುಕೊಂಡೆವು ಎನ್ನಿ. ಒಬ್ಬ ವಾಸ್ತುಶಿಲ್ಪಿ, ಒಬ್ಬ ಸಿವಿಲ್ ಎಂಜಿನಿಯರ್ ಜೊತೆಯಾಗಿ ಒಂದೊಂದು ಕಡೆ ಬೇಸಿಗೆಯಲ್ಲಿ ಒಂದು ದಿನ, ಮಳೆಯಲ್ಲಿ ಒಂದು ದಿನ ಕಳೆದರೆ 24 ದಿನ. ಇಂಥ ಎರಡು ಜೋಡಿಗಳಿದ್ದರೆ ಒಂದು ಜೋಡಿಗೆ 12 ದಿನ, ಪ್ರಯಾಣ ಸೇರಿದರೂ ವರ್ಷದಲ್ಲಿ ಮೂರು ವಾರ. ಜನವರಿಯಲ್ಲಿ ಅರ್ಜಿ, ಮಾರ್ಚಿನೊಳಗೆ ಆಯ್ಕೆಪಟ್ಟಿ, ಏಪ್ರಿಲ್ ಮತ್ತು ಜುಲೈನಲ್ಲಿ ಭೇಟಿ, ಸೆಪ್ಟೆಂಬರಿನಲ್ಲಿ ತೀರ್ಪು. ರಾಜ್ಯೋತ್ಸವದ ಹೊತ್ತಿಗೆ ಪ್ರದಾನ ಮಾಡಬಹುದು. ಪರಿಶೀಲಕರು ಆ ಜಿಲ್ಲೆಯವರಾಗಿರಬಾರದು, ಅರ್ಜಿದಾರರೊಂದಿಗೆ ವ್ಯವಹಾರ ಇರಬಾರದು, ವರದಿ ಪ್ರಶಸ್ತಿಯ ಜೊತೆಗೇ ಪ್ರಕಟವಾಗಬೇಕು. ವರದಿ ಪ್ರಕಟವಾದರೆ ಅದು ಕಾಲೇಜುಗಳಲ್ಲಿ ಪಾಠವಾಗುತ್ತದೆ, ಪಂಚಾಯಿತಿ ಎಂಜಿನಿಯರಿಗೆ ಕೈಪಿಡಿಯಾಗುತ್ತದೆ. ಪ್ರಶಸ್ತಿ ಸಿಗದ 11 ಕಟ್ಟಡಗಳ ವರದಿಯೂ ಅಷ್ಟೇ ಬೆಲೆಯುಳ್ಳದ್ದು.

ಪತ್ರಿಕೆಗೆ ನಮ್ಮ ಕೋರಿಕೆ ಸರಳವಾದದ್ದು. ಕಟ್ಟಡಕ್ಕೆ ಪ್ರಶಸ್ತಿ ಬಂದ ಸುದ್ದಿ ಹಾಕುವಾಗ ನಿಮ್ಮ ವರದಿಗಾರರು ಫೋಟೊದ ಜೊತೆಗೆ ಬಳಕೆ ಆರಂಭವಾದ ತಿಂಗಳು, ಒಟ್ಟು ವೆಚ್ಚ, ಸ್ಥಳ ಪರಿಶೀಲನೆ ನಡೆಯಿತೇ ಇಲ್ಲವೇ, ಕಟ್ಟಿದ ಮೇಸ್ತ್ರಿಯ ಹೆಸರು, ದಿನಾ ಬಳಸುವ ಒಬ್ಬರ ಮಾತು ಇವಿಷ್ಟನ್ನು ಕೇಳಿ ಬರೆಯಲಿ. ಮೂರು ವರ್ಷ ಕಳೆದ ಮೇಲೆ, ಆಗಸ್ಟ್ ತಿಂಗಳಿನಲ್ಲಿ, ಅದೇ ಜಾಗದಲ್ಲಿ ನಿಂತು ತೆಗೆದ ಇನ್ನೊಂದು ಫೋಟೊವನ್ನೂ ಅಷ್ಟೇ ಅಗಲದಲ್ಲಿ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿಗಳು,
ವಾಸ್ತುಶಿಲ್ಪ ಮತ್ತು ಸಿವಿಲ್ ಎಂಜಿನಿಯರಿಂಗ್ ವೃತ್ತಿಯಲ್ಲಿರುವ ಕೆಲವು ಓದುಗರು,
ಮೈಸೂರು